ಯಕ್ಷನಿಂದ ‘ಯಾಶಾ’ದವರೆಗೆ: ನಮ್ಮ ಮಕ್ಕಳು ಓದುವ ಜಪಾನೀ ರಾಕ್ಷಸ ಪ್ರೇಮಕಥೆ

ಮುಂಬಯಿ ಮಹಾನಗರ ಮತ್ತು ಅದರ ಉಪನಗರಗಳಲ್ಲಿ ಎರಡು-ಮೂರು ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಪುಸ್ತಕ ಕಾಣಸಿಗುತ್ತಿದೆ. ಅದರ ಮುಖಪುಟ ನಮಗೆ ಹಿಂಬದಿಯಂತೆ ತೋರುವ ಕಡೆಯಲ್ಲಿರುತ್ತದೆ, ಒಳಪುಟಗಳೆಲ್ಲ ಕಪ್ಪು-ಬಿಳುಪು, ದೊಡ್ಡ ಕಣ್ಣಿನ ಶಾಲಾ ಹುಡುಗಿಯ ಪಕ್ಕದಲ್ಲಿ ಕೋರೆಹಲ್ಲಿನ ಯುವಕನೊಬ್ಬ ನಿಂತಿರುತ್ತಾನೆ. ಮೊಮ್ಮಕ್ಕಳು ಇದರಲ್ಲಿ ಮುಳುಗಿರುವುದನ್ನು ಕಂಡ ಅಜ್ಜ-ಅಜ್ಜಿಯರು “ಇದೇನು, ರಾಕ್ಷಸನಿಗೂ ಹುಡುಗಿಗೂ ಪ್ರೀತಿಯೇ?” ಎಂದು ಹುಬ್ಬೇರಿಸುವುದು ಸಹಜ. ಆದರೆ ಯಕ್ಷಗಾನವನ್ನು ನೋಡಿ ಬೆಳೆದ ನಮ್ಮವರಿಗೆ ಈ ಪ್ರಶ್ನೆಯ ಉತ್ತರ ತೀರ ಅಪರಿಚಿತವಾದುದೇನಲ್ಲ. ಈ ಬಗೆಯ ಕಥೆಗಳಲ್ಲಿ ಬಹು ಪ್ರಸಿದ್ಧವಾದ ‘ಇನುಯಾಶಾ’ ಎಂಬ ಜಪಾನೀ ಚಿತ್ರಕಥಾ ಮಾಲಿಕೆಯನ್ನು ಓದುಗರಿಗೆ ಪರಿಚಯಿಸುವುದು ಮತ್ತು ಅದು ನಮ್ಮ ಕಥೆಗಳೊಡನೆ ಎಲ್ಲಿ ಸೇರುತ್ತದೆ, ಎಲ್ಲಿ ಅಗಲುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮಾಂಗಾ ಎಂದರೇನು?

ಜಪಾನಿನಲ್ಲಿ ಚಿತ್ರಕಥೆಯನ್ನು ‘ಮಾಂಗಾ’ ಎನ್ನುತ್ತಾರೆ. ಜಪಾನೀ ಬರಹದ ಸಂಪ್ರದಾಯಕ್ಕೆ ಅನುಗುಣವಾಗಿ ಇದನ್ನು ಬಲದಿಂದ ಎಡಕ್ಕೆ ಓದಬೇಕು. ಕಥೆಯು ಮೊದಲು ವಾರಪತ್ರಿಕೆಯಲ್ಲೋ ಮಾಸಪತ್ರಿಕೆಯಲ್ಲೋ ಅಧ್ಯಾಯ ಅಧ್ಯಾಯವಾಗಿ ಪ್ರಕಟವಾಗಿ, ಆನಂತರ ಸಣ್ಣ ಸಂಪುಟಗಳ ರೂಪ ತಾಳುತ್ತದೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳಿಗಾಗಿ ಮನೆಮಂದಿಯೆಲ್ಲ ಕಾಯುತ್ತಿದ್ದ ಕಾಲವನ್ನು ನೆನೆದರೆ ಈ ಪದ್ಧತಿ ಸುಲಭವಾಗಿ ಅರ್ಥವಾದೀತು. ಜನಪ್ರಿಯವಾದ ಮಾಂಗಾ ಬಳಿಕ ದೂರದರ್ಶನದ ಚಲಿಸುವ ಚಿತ್ರಮಾಲಿಕೆಯಾಗುತ್ತದೆ. ಅದಕ್ಕೆ ‘ಅನಿಮೆ’ ಎಂದು ಹೆಸರು.

ಭಾರತದ ಮಕ್ಕಳಿಗೆ ಇದರ ರುಚಿ ಹತ್ತಿದ್ದು ಬಹುಮಟ್ಟಿಗೆ ಅನಿಮೆಯ ಮೂಲಕವೇ. 2005ರಲ್ಲಿ ಹಂಗಾಮಾ ವಾಹಿನಿಯಲ್ಲಿ ಹಿಂದಿ ಮಾತಿನೊಡನೆ ಬಂದ ‘ಡೊರೆಮಾನ್’ ಮನೆಮಾತಾಯಿತು. ಅಂದು ಅದನ್ನು ನೋಡಿದ ಮಕ್ಕಳು ಇಂದು ಉದ್ಯೋಗಸ್ಥರು. ಅವರ ತಮ್ಮ-ತಂಗಿಯರು, ಕೆಲವರ ಮಕ್ಕಳು ಕೂಡ, ಇಂದು ಇಂಗ್ಲಿಷಿನಲ್ಲಿ ಮಾಂಗಾ ಓದುವ ವಯಸ್ಸಿಗೆ ಬಂದಿದ್ದಾರೆ.

‘ಇನುಯಾಶಾ’ದ ಕರ್ತೃ ರುಮಿಕೊ ತಕಾಹಾಶಿ ಎಂಬ ಮಹಿಳೆ. 1957ರಲ್ಲಿ ನಿಗಾಟಾ ಎಂಬಲ್ಲಿ ಜನಿಸಿದ ಈಕೆ, 1978ರಲ್ಲಿ ‘ಉರುಸೆಯ್ ಯಾತ್ಸುರಾ’ ಎಂಬ ಮಾಲಿಕೆಯಿಂದ ಹೆಸರು ಗಳಿಸಿದರು. ಹುಲಿಚರ್ಮ ತೊಟ್ಟ, ತಲೆಯ ಮೇಲೆ ಕೊಂಬುಗಳಿರುವ ಒಬ್ಬ ಅನ್ಯಲೋಕದ ರಕ್ಕಸ ಕನ್ಯೆ, ಸಾಮಾನ್ಯ ಶಾಲಾ ಹುಡುಗನನ್ನು ತನ್ನ ಗಂಡನೆಂದೇ ಭಾವಿಸಿ ಅವನ ಮನೆಯಲ್ಲಿ ಬಿಡಾರ ಹೂಡುವ ಹಾಸ್ಯಕಥೆ ಅದು. ಹದಿಹರೆಯದ ಪ್ರೇಮ ಮತ್ತು ರಕ್ಕಸಲೋಕ ಇವೆರಡನ್ನೂ ಒಂದೇ ಸೂರಿನಡಿ ತರುವ ಈ ದಾರಿಯಲ್ಲಿ ಅವರ ಗಂಭೀರವೂ ದೀರ್ಘವೂ ಆದ ಕೃತಿಯೇ ‘ಇನುಯಾಶಾ’. ಹುಡುಗರಿಗೆಂದೇ ಮೀಸಲಾದ ‘ವೀಕ್ಲಿ ಶೋನೆನ್ ಸಂಡೆ’ ಪತ್ರಿಕೆಯಲ್ಲಿ 1996ರ ನವೆಂಬರಿನಿಂದ 2008ರ ಜೂನ್ ತನಕ ಅದು ಪ್ರಕಟವಾಯಿತು. ಒಟ್ಟು 558 ಅಧ್ಯಾಯಗಳು, 56 ಸಂಪುಟಗಳು. 2019ರಲ್ಲಿ ಫ್ರಾನ್ಸಿನ ಅಂಗುಲೆಮ್ ಚಿತ್ರಕಥಾ ಉತ್ಸವವು ತಕಾಹಾಶಿಯವರಿಗೆ ತನ್ನ ಪರಮೋಚ್ಚ ಗೌರವವನ್ನು ನೀಡಿತು.

ಕಥೆಯ ಸಾರ

ಟೋಕಿಯೊದ ಒಂದು ಪುರಾತನ ದೇವಾಲಯವನ್ನು ನೋಡಿಕೊಳ್ಳುವ ಮನೆತನದ ಹುಡುಗಿ ಕಾಗೊಮೆ. ಹದಿನೈದನೆಯ ಹುಟ್ಟುಹಬ್ಬದ ದಿನ ಮನೆಯಂಗಳದ ಪಾಳು ಬಾವಿಯಿಂದ ಶತಪದಿಯ ರೂಪದ ರಕ್ಕಸಿಯೊಬ್ಬಳು ಮೇಲೆದ್ದು ಆಕೆಯನ್ನು ಒಳಗೆಳೆದುಕೊಳ್ಳುತ್ತಾಳೆ. ಬಾವಿಯ ಆ ಬದಿಯಲ್ಲಿರುವುದು ಸುಮಾರು 500 ವರ್ಷಗಳ ಹಿಂದಿನ, ಪಾಳೆಯಗಾರರ ಕಾಳಗಗಳಿಂದ ಜರ್ಜರಿತವಾದ ಜಪಾನ್. ಅಲ್ಲಿ 50 ವರ್ಷಗಳಿಂದ ಬಾಣವೊಂದರಿಂದ ಮರಕ್ಕೆ ಬಂಧಿತನಾಗಿ ನಿದ್ರಿಸುತ್ತಿರುವವನೇ ಇನುಯಾಶಾ. ಆತನ ತಂದೆ ಶ್ವಾನರೂಪದ ಮಹಾ ರಕ್ಕಸ, ತಾಯಿ ಮನುಷ್ಯಳು. ಆ ಬಾಣ ಬಿಟ್ಟವಳು ಅವನು ಪ್ರೀತಿಸಿದ್ದ ಅರ್ಚಕಿ ಕಿಕ್ಯೊ.

ಕಿಕ್ಯೊಳ ವಶದಲ್ಲಿದ್ದ ಮಾಂತ್ರಿಕ ಮಣಿಯೊಂದು ಹಿಡಿದವರ ಬಯಕೆಯನ್ನು ಈಡೇರಿಸಬಲ್ಲದಾಗಿತ್ತು. ಅದರ ಬಲದಿಂದ ಇನುಯಾಶಾ ಪೂರ್ಣ ಮನುಷ್ಯನಾಗಬೇಕು, ಆಮೇಲೆ ಇಬ್ಬರೂ ಕೂಡಿ ಬಾಳಬೇಕು ಎಂದು ಅವರು ನಿಶ್ಚಯಿಸಿದ್ದರು. ಆದರೆ ನರಾಕು ಎಂಬ ಮಾಯಾವಿ ಒಬ್ಬರ ರೂಪದಲ್ಲಿ ಇನ್ನೊಬ್ಬರ ಮುಂದೆ ಕಾಣಿಸಿಕೊಂಡು ಇಬ್ಬರಲ್ಲೂ ದ್ವೇಷ ಬಿತ್ತಿದ. ಕಿಕ್ಯೊಳ ಪುನರ್ಜನ್ಮವೇ ಕಾಗೊಮೆ. ಆಕೆಯ ಬಾಣ ತಾಗಿ ಮಣಿ ನುಚ್ಚುನೂರಾಗುತ್ತದೆ. ಚೂರುಗಳನ್ನು ಒಟ್ಟುಗೂಡಿಸುವ ಅಲೆದಾಟವೇ ಕಥೆಯ ಹರಹು.

ಮುಂಬಯಿಯ ಪೋಷಕರಿಗೆ ನಗು ತರಿಸಬಲ್ಲ ಒಂದು ಸಂಗತಿಯೂ ಇಲ್ಲಿದೆ. ಇಷ್ಟೆಲ್ಲ ಸಾಹಸಗಳ ನಡುವೆಯೂ ಕಾಗೊಮೆ ಪರೀಕ್ಷೆ ಬರೆಯಲೆಂದು ಬಾವಿಯ ಮೂಲಕ ಮನೆಗೆ ಮರಳುತ್ತಾಳೆ! ಶಾಲೆಗೆ ಗೈರುಹಾಜರಾದ ದಿನಗಳಿಗೆ ಆಕೆಯ ಅಜ್ಜ ಬಗೆಬಗೆಯ ಕಾಯಿಲೆಗಳ ನೆಪ ಹೇಳುತ್ತಾನೆ. ಇನುಯಾಶಾ ಮಿತಿಮೀರಿದಾಗ “ಕುಳಿತುಕೋ” ಎಂದು ಆಕೆ ಒಂದು ಮಾತು ಹೇಳಿದರೆ ಸಾಕು, ಅವನ ಕೊರಳಿನ ಜಪಮಾಲೆಯ ಪ್ರಭಾವದಿಂದ ಆತ ನೆಲಕಚ್ಚುತ್ತಾನೆ. ರಕ್ಕಸರ ಘೋರ ಕಾಳಗವೂ ಹದಿಹರೆಯದ ಹುಸಿಮುನಿಸೂ ಹೀಗೆ ಪುಟ ಪುಟದಲ್ಲಿ ಹೆಣೆದುಕೊಂಡಿರುವುದೇ ಈ ಮಾಲಿಕೆಯ ಆಕರ್ಷಣೆ.

ಹೆಸರುಗಳು ಹೋದ ಹಾದಿ

ಜಪಾನೀ ಭಾಷೆಯಲ್ಲಿ ‘ಇನು’ ಎಂದರೆ ನಾಯಿ. ‘ಯಾಶಾ’ ಎಂದರೆ? ಅದು ನಮ್ಮ ‘ಯಕ್ಷ’ ಶಬ್ದವೇ. ಸಂಸ್ಕೃತದ ಯಕ್ಷ ಬೌದ್ಧ ಗ್ರಂಥಗಳೊಡನೆ ಚೀನಾಕ್ಕೆ ಹೋಗಿ ‘ಯೆಚಾ’ ಆಯಿತು, ಅಲ್ಲಿಂದ ಜಪಾನಿಗೆ ದಾಟಿ ‘ಯಾಶಾ’ ಆಯಿತು. ಖಳನಾಯಕ ನರಾಕುವಿನ ಹೆಸರೂ ಹೀಗೆಯೇ. ‘ನರಕ’ವೇ ಜಪಾನಿನಲ್ಲಿ ‘ನರಾಕು’. ಜಪಾನಿನ ಕಬುಕಿ ರಂಗಭೂಮಿಯಲ್ಲಿ ವೇದಿಕೆಯ ಕೆಳಗಿನ ಕತ್ತಲೆಯ ನೆಲಮಾಳಿಗೆಗೂ ಇದೇ ಹೆಸರಿದೆ. ರಾಕ್ಷಸ ‘ರಾಸೆತ್ಸು’ ಆಗಿದ್ದಾನೆ, ಅಸುರ ‘ಅಶುರಾ’ ಆಗಿದ್ದಾನೆ, ಯಮ ‘ಎನ್ಮಾ’ ಆಗಿದ್ದಾನೆ. ನಾರಾ ನಗರದ ಕೋಫುಕುಜಿ ದೇಗುಲದಲ್ಲಿ 734ನೆಯ ಇಸವಿಯ, ಮೂರು ಮುಖ ಆರು ತೋಳುಗಳ ಅಶುರಾ ವಿಗ್ರಹ ಇಂದಿಗೂ ಇದೆ. ಅದೇ ನಗರದ ಮಹಾಬುದ್ಧ ವಿಗ್ರಹಕ್ಕೆ 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು.

ಈ ಸಂಬಂಧದ ಒಂದು ಕುರುಹು ನಮ್ಮ ಉಪನಗರದಲ್ಲಿಯೇ ಉಂಟು. ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳನ್ನು ನಮ್ಮಲ್ಲಿ ಅನೇಕರು ರಜಾದಿನದ ವಿಹಾರತಾಣವಾಗಿ ಮಾತ್ರ ಬಲ್ಲರು. ಅಲ್ಲಿಯ 41ನೆಯ ಗುಹೆಯಲ್ಲಿ ಹನ್ನೊಂದು ತಲೆಗಳ ಅವಲೋಕಿತೇಶ್ವರನ ಶಿಲ್ಪವಿದೆ. ಭಾರತದಲ್ಲಿ ತೀರ ಅಪರೂಪವಾದ ಈ ರೂಪ ಜಪಾನಿನಲ್ಲಿ ‘ಕಾನ್ನೊನ್’ ಎಂಬ ಹೆಸರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ನಮ್ಮಲ್ಲಿ ಕಲ್ಲಿನಲ್ಲಿ ಉಳಿದುದು ಅಲ್ಲಿ ಜನರ ಬಾಯಲ್ಲಿಯೂ ಕಥೆಗಳಲ್ಲಿಯೂ ಉಳಿಯಿತು.

ಆದರೆ ಪ್ರಯಾಣದಲ್ಲಿ ಅರ್ಥ ಸ್ವಲ್ಪ ಬದಲಾಗಿದೆ. ಕನ್ನಡ ನಾಡಿನಲ್ಲಿ ಯಕ್ಷನೆಂದರೆ ಕುಬೇರನ ಪರಿವಾರದವನು, ಧರ್ಮರಾಯನಿಗೆ ಪ್ರಶ್ನೆ ಕೇಳಿದವನು. ಹೊಂಬುಜದಲ್ಲಿ ಪಾರ್ಶ್ವನಾಥನ ಯಕ್ಷಿಯಾದ ಪದ್ಮಾವತಿ ಭಕ್ತರನ್ನು ಪೊರೆಯುವ ತಾಯಿ. ಜಪಾನಿನ ಯಾಶಾನಾದರೋ ಉಗ್ರಸ್ವರೂಪಿ. ಬುದ್ಧನಿಗೆ ಶರಣಾಗಿ ಧರ್ಮದ ಕಾವಲುಗಾರನಾದರೂ ಕೋರೆಹಲ್ಲು ಬಿಡದವನು. ಅವನೊಡನೆ ಜಪಾನಿನದೇ ಆದ ‘ಯೋಕಾಯ್’ಗಳು ಸೇರಿಕೊಂಡವು. ನರಿ, ಬೆಕ್ಕು, ಶತಪದಿ, ಹಳೆಯ ಕೊಡೆ ಕೂಡ ಅಲ್ಲಿ ಯೋಕಾಯ್ ಆಗಬಲ್ಲದು. ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ 1776ರಲ್ಲಿಯೇ ಇವುಗಳ ಸಚಿತ್ರ ಗ್ರಂಥವನ್ನು ಹೊರತಂದಿದ್ದ. ಇಂದಿನ ಮಾಂಗಾ ಕಲಾವಿದರು ಆ ಪರಂಪರೆಯ ವಾರಸುದಾರರು. ಈ ಯೋಕಾಯ್‌ಗಳನ್ನು ನಮ್ಮ ತುಳುನಾಡಿನ ದೈವಗಳೊಡನೆ ಹೋಲಿಸುವವರೂ ಇದ್ದಾರೆ, ಅದು ಸರಿಯಲ್ಲ. ದೈವಗಳು ನಂಬಿದವರ ಮನೆಯ ನ್ಯಾಯಮೂರ್ತಿಗಳು. ಅವು ಆರಾಧನೆಗೆ ಸಂಬಂಧಿಸಿದವು, ಮನರಂಜನೆಗಲ್ಲ. ನಿಜವಾದ ಹೋಲಿಕೆ ಇರುವುದು ನಮ್ಮ ಪುರಾಣದ ಮತ್ತು ಯಕ್ಷಗಾನದ ರಕ್ಕಸರಲ್ಲಿ.

ನಮ್ಮ ರಂಗಸ್ಥಳದಲ್ಲಿ ರಕ್ಕಸ ಪ್ರೇಮ

ಪತ್ತನಾಜೆಯ ಬಳಿಕ ಊರಿನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದಾಗ, ಮಳೆಗಾಲದಲ್ಲಿ ಅನೇಕ ಕಲಾವಿದರು ಮುಂಬಯಿಗೆ ಬಂದು ಇಲ್ಲಿನ ಸಭಾಗೃಹಗಳಲ್ಲಿ ಪ್ರದರ್ಶನ ನೀಡುವುದು ನಮಗೆಲ್ಲ ತಿಳಿದದ್ದೇ. ಆಗ ಬಣ್ಣದ ವೇಷದ ಪ್ರವೇಶವನ್ನು ಕಂಡವರು ಅದನ್ನು ಮರೆಯಲಾರರು. ಅಕ್ಕಿಹಿಟ್ಟು ಮತ್ತು ಸುಣ್ಣದಿಂದ ಮುಖದ ಮೇಲೆ ಗಂಟೆಗಟ್ಟಲೆ ಇಟ್ಟ ಚಿಟ್ಟಿ, ತೆರೆಯ ಹಿಂದಿನ ಅಬ್ಬರ, ದೊಂದಿಯ ಬೆಳಕಿಗೆ ರಾಳದ ಹುಡಿ ಎರಚಿದಾಗ ಏಳುವ ಜ್ವಾಲೆ! ತೆಂಕುತಿಟ್ಟಿನಲ್ಲಿ ರಕ್ಕಸಿಯರಿಗೆ ‘ಹೆಣ್ಣುಬಣ್ಣ’ ಎಂಬ ಪ್ರತ್ಯೇಕ ವೇಷವೇ ಇದೆ. ಶೂರ್ಪನಖಿ ರಾಮನನ್ನು ಕಂಡು ಮೋಹಗೊಂಡಾಗ ಹೆಣ್ಣುಬಣ್ಣ ಮರೆಯಾಗಿ, ಬೇರೊಬ್ಬ ಕಲಾವಿದ ‘ಮಾಯಾ ಶೂರ್ಪನಖಿ’ಯಾಗಿ ಸುಂದರಿಯ ವೇಷದಲ್ಲಿ ಬರುತ್ತಾನೆ. ಒಂದೇ ಪಾತ್ರ, ಎರಡು ದೇಹ. ಇನುಯಾಶಾ ಪ್ರತಿ ಅಮಾವಾಸ್ಯೆಯ ರಾತ್ರಿ ತನ್ನ ಬೆಳ್ಳಿಗೂದಲನ್ನೂ ಶಕ್ತಿಯನ್ನೂ ಕಳೆದುಕೊಂಡು ಕರಿಗೂದಲಿನ ಸಾಮಾನ್ಯ ಮನುಷ್ಯನಾಗುವುದನ್ನು ಓದುವ ಮಗುವಿಗೆ ಈ ವೇಷಪಲ್ಲಟವನ್ನು ವಿವರಿಸಬೇಕಾದುದೇ ಇಲ್ಲ.

ಶೂರ್ಪನಖಿಯ ಪ್ರೇಮಕ್ಕೆ ದೊರೆತದ್ದು ಅಪಮಾನ. ಹಿಡಿಂಬೆಯ ಕಥೆ ಇದಕ್ಕಿಂತ ಭಿನ್ನ. ಅರಗಿನ ಮನೆಯಿಂದ ಪಾರಾದ ಪಾಂಡವರು ಕಾಡಿನಲ್ಲಿ ಮಲಗಿದ್ದಾಗ, ಅವರನ್ನು ಕೊಂದು ತರಲು ಅಣ್ಣನಾದ ಹಿಡಿಂಬ ಕಳುಹಿಸಿದ ತಂಗಿ, ಎಚ್ಚರವಾಗಿದ್ದು ಕಾವಲು ಕಾಯುತ್ತಿದ್ದ ಭೀಮನನ್ನು ಕಂಡು ಮನಸೋಲುತ್ತಾಳೆ. ಅಣ್ಣನ ಆಜ್ಞೆಯನ್ನು ಮೀರಿ ಅಪಾಯವನ್ನು ತಿಳಿಸುತ್ತಾಳೆ. ಕುಂತಿ ಒಪ್ಪಿಗೆ ಕೊಡುತ್ತಾಳೆ, ಆದರೆ ಷರತ್ತಿನೊಡನೆ. ಹಗಲು ಮಾತ್ರ ಭೀಮ ಆಕೆಯೊಡನೆ ಇರಬಹುದು, ರಾತ್ರಿ ಮರಳಬೇಕು, ಅದೂ ಮಗ ಹುಟ್ಟುವವರೆಗೆ ಮಾತ್ರ. ಘಟೋತ್ಕಚ ಹುಟ್ಟಿದ, ಪಾಂಡವರು ಮುಂದೆ ನಡೆದರು, ಹಿಡಿಂಬೆ ಕಾಡಿನಲ್ಲಿಯೇ ಉಳಿದಳು.

ಈ ಅರೆ ರಕ್ಕಸ ಮಗನನ್ನು ಯಕ್ಷಗಾನ ತುಂಬ ಪ್ರೀತಿಯಿಂದ ಕಂಡಿದೆ. ‘ಕನಕಾಂಗಿ ಕಲ್ಯಾಣ’ ಪ್ರಸಂಗದಲ್ಲಿ ತಮ್ಮನಾದ ಅಭಿಮನ್ಯುವಿನ ಪ್ರೇಮ ಫಲಿಸುವುದು ಘಟೋತ್ಕಚನ ಮಾಯಾಶಕ್ತಿಯಿಂದಲೇ. ಹದಿಹರೆಯದ ಪ್ರೇಮ, ನೆರವಿಗೆ ನಿಂತ ರಕ್ಕಸ, ನಗು, ಕಾಳಗ ಎಲ್ಲವೂ ಅದರಲ್ಲಿವೆ. ಜಪಾನಿನ ಚಿತ್ರಕಥೆಯ ರಸಗಳು ಇವಕ್ಕಿಂತ ಬೇರೆಯಲ್ಲ.

ಅರೆಯಾಗಿ ಹುಟ್ಟಿದವನ ಗತಿ

ಆದರೆ ಎರಡು ಕಥೆಗಳು ಅಗಲುವ ಒಂದು ಸ್ಥಳವಿದೆ, ಅದನ್ನು ಮರೆಮಾಚಬಾರದು. ಮಹಾಭಾರತದ ಹದಿನಾಲ್ಕನೆಯ ದಿನದ ರಾತ್ರಿಯ ಯುದ್ಧದಲ್ಲಿ ಘಟೋತ್ಕಚ ಕೌರವ ಸೇನೆಯನ್ನು ನಡುಗಿಸುತ್ತಾನೆ. ಕೊನೆಗೆ ಕರ್ಣ ಅರ್ಜುನನಿಗೆಂದು ಕಾಪಿಟ್ಟಿದ್ದ ಇಂದ್ರದತ್ತ ಶಕ್ತ್ಯಾಯುಧವನ್ನು ಅವನ ಮೇಲೆ ಪ್ರಯೋಗಿಸಬೇಕಾಗುತ್ತದೆ. ಸಾಯುವಾಗಲೂ ಆತ ತನ್ನ ದೇಹವನ್ನು ಬೆಳೆಸಿ ಶತ್ರುಸೈನ್ಯದ ಮೇಲೆ ಬೀಳುತ್ತಾನೆ. ಪಾಂಡವರು ಅಳುತ್ತಿರುವಾಗ ಕೃಷ್ಣ ಮಾತ್ರ ಸಂತೋಷಪಡುತ್ತಾನೆ. ಅರ್ಜುನ ಉಳಿದನೆಂಬುದು ಒಂದು ಕಾರಣ. ಯಜ್ಞದ್ವೇಷಿಯಾದ ಇವನನ್ನು ಕರ್ಣ ಕೊಲ್ಲದಿದ್ದರೆ ಮುಂದೆ ತಾನೇ ಕೊಲ್ಲಬೇಕಾಗುತ್ತಿತ್ತು ಎಂಬುದು ದ್ರೋಣಪರ್ವದಲ್ಲಿ ಕೃಷ್ಣನೇ ಹೇಳುವ ಇನ್ನೊಂದು ಕಾರಣ. ಕರೆದಾಗ ಬಂದ, ತನ್ನದಲ್ಲದ ರಾಜ್ಯಕ್ಕಾಗಿ ಪ್ರಾಣ ಕೊಟ್ಟ ಮಗನಿಗೆ ಆ ಮನೆಯಲ್ಲಿ ಪೂರ್ಣ ಸ್ಥಾನವಿರಲಿಲ್ಲ.

ಇನುಯಾಶಾನನ್ನೂ ಎರಡೂ ಕುಲದವರು ದೂರವಿಟ್ಟಿದ್ದಾರೆ. ರಕ್ಕಸರು ಅವನನ್ನು ‘ಹಾನ್ಯೋ’, ಅಂದರೆ ಅರೆ ರಕ್ಕಸ, ಎಂದು ಜರೆಯುತ್ತಾರೆ. ಮನುಷ್ಯರು ಹೆದರಿ ಓಡುತ್ತಾರೆ. ಆದುದರಿಂದಲೇ ಅವನು ಮೊದಲು ಪೂರ್ಣ ರಕ್ಕಸನಾಗಬೇಕೆಂದೂ, ಕಿಕ್ಯೊಳನ್ನು ಪ್ರೀತಿಸಿದಾಗ ಪೂರ್ಣ ಮನುಷ್ಯನಾಗಬೇಕೆಂದೂ ಮಣಿಯನ್ನು ಬಯಸುತ್ತಾನೆ. ಕಾಗೊಮೆಯಾದರೋ ಅವನು ಯಾವುದಾದರೊಂದು ಆಗಲೇಬೇಕೆಂದು ಪಟ್ಟುಹಿಡಿಯುವುದಿಲ್ಲ. ಅಂತ್ಯದಲ್ಲಿ ಮಣಿ ಪೂರ್ಣಗೊಂಡಾಗ ಆಕೆ ಬೇಡುವುದು ಒಂದೇ: ಈ ಮಣಿ ಎಂದೆಂದಿಗೂ ಇಲ್ಲವಾಗಲಿ. ಮಣಿ ಮಾಯವಾಗುತ್ತದೆ, ಬಾವಿ ಮುಚ್ಚುತ್ತದೆ. ಮೂರು ವರ್ಷಗಳ ನಂತರ ಪ್ರೌಢಶಿಕ್ಷಣ ಮುಗಿಸಿದ ಕಾಗೊಮೆಗೆ ಬಾವಿ ಮತ್ತೆ ತೆರೆದುಕೊಂಡಾಗ ಆಕೆ ತಾನಾಗಿ ಅವನಲ್ಲಿಗೆ ಹೋಗುತ್ತಾಳೆ. ಇನುಯಾಶಾ ಅರೆಯಾಗಿಯೇ ಉಳಿದಿರುತ್ತಾನೆ. ಬದುಕು ಮಾತ್ರ ಪೂರ್ಣವಾಗಿರುತ್ತದೆ.

ನಮ್ಮ ಪರಂಪರೆಯಲ್ಲಿ ಇಂತಹ ಉದಾರತೆ ಇಲ್ಲವೆಂದಲ್ಲ. ಹಿಮಾಚಲದ ಮನಾಲಿಯಲ್ಲಿ 1553ರಲ್ಲಿ ನಿರ್ಮಾಣವಾದ ಮರದ ಗುಡಿಯೊಂದರಲ್ಲಿ ಹಿಡಿಂಬೆ ದೇವಿಯಾಗಿ ಪೂಜೆಗೊಳ್ಳುತ್ತಾಳೆ. ಅರಮನೆ ಕೊಡದ ಸ್ಥಾನವನ್ನು ಜನಪದರು ಕೊಟ್ಟರು.

ಬಾವಿಯ ಎರಡು ಬದಿ

ಮುಂಬಯಿಯ ಕನ್ನಡ ಮಕ್ಕಳನ್ನು ಈ ಕಥೆ ಏಕೆ ಹಿಡಿದಿಡುತ್ತದೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದ್ದೀತು. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಕಟ್ಟಡದ ಅಂಗಳದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ. ಒಂದು ಕಾಲದಲ್ಲಿ ಈ ನಗರದಲ್ಲಿ ದಕ್ಷಿಣದವರೆಲ್ಲರಿಗೂ ‘ಮದ್ರಾಸಿ’ ಎಂಬ ಒಂದೇ ಹಣೆಪಟ್ಟಿ ಇತ್ತು; ರಜೆಗೆ ಊರಿಗೆ ಹೋದರೆ “ಬೊಂಬಾಯಿಯ ಮಕ್ಕಳಿಗೆ ಮಾತು ಬಾರದು” ಎಂಬ ನಗು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಸಂಜೆ ಇಲ್ಲಿ ಹತ್ತಿದ ಮಗು ಮರುದಿನ ಉಡುಪಿಯಲ್ಲೋ ಮಂಗಳೂರಿನಲ್ಲೋ ಇಳಿಯುತ್ತದೆ. ಕಾಗೊಮೆಯ ಬಾವಿಗಿಂತ ಅದು ಹೆಚ್ಚು ಭಿನ್ನವಲ್ಲ. ಈ ಬದಿಯಲ್ಲಿ ಪರೀಕ್ಷೆ ಮತ್ತು ಲೋಕಲ್ ರೈಲು. ಆ ಬದಿಯಲ್ಲಿ ಬಣ್ಣದ ವೇಷ ಮತ್ತು ಅಜ್ಜಿಯ ಕಥೆ. ಎರಡೂ ಕಡೆ ತನ್ನನ್ನು ಅರೆಯವನೆಂದು ಎಣಿಸುವವರಿದ್ದಾರೆ ಎಂದು ಬಲ್ಲ ಮಗುವಿಗೆ, ಅರೆಯಾಗಿಯೇ ನೆಲೆ ಕಂಡುಕೊಂಡ ನಾಯಕ ಆಪ್ತನಾಗುವುದರಲ್ಲಿ ಆಶ್ಚರ್ಯವಿಲ್ಲ.

ಚಿಂತೆಯ ವಿಷಯ ಬೇರೊಂದಿದೆ. ಈ ಕಥೆಗಳು ನಮ್ಮ ಮಕ್ಕಳನ್ನು ತಲುಪುತ್ತಿರುವ ಭಾಷೆಗಳಲ್ಲಿ ಕನ್ನಡವಿಲ್ಲ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಎಂಬ ಜಪಾನೀ ರಕ್ಕಸಕಥೆಯ ಚಲನಚಿತ್ರ ಭಾರತದಲ್ಲಿ ತೆರೆಕಂಡಾಗ ಜಪಾನೀ ಹಾಗೂ ಇಂಗ್ಲಿಷಿನೊಡನೆ ಹಿಂದಿ, ತಮಿಳು, ತೆಲುಗು ಅವತರಣಿಕೆಗಳಿದ್ದವು, ಕನ್ನಡ ಇರಲಿಲ್ಲ. ಆದರೆ ಭಾರತದ ಚಿತ್ರಕಥೆಯ ಇತಿಹಾಸದಲ್ಲಿ ಕನ್ನಡ ಹಿಂದಿನ ಸಾಲಿನಲ್ಲಿ ನಿಂತಿದ್ದ ಭಾಷೆಯಲ್ಲ. ಬೆಂಗಳೂರಿನ ಪುಸ್ತಕೋದ್ಯಮಿ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿಯೇ ಬಂದವು, ಇಂಗ್ಲಿಷ್ ಮಾಲಿಕೆ ಹನ್ನೊಂದನೆಯ ಸಂಖ್ಯೆಯಿಂದ, ‘ಕೃಷ್ಣ’ನಿಂದ, ಆರಂಭವಾದುದು ಇದೇ ಕಾರಣಕ್ಕೆ. 1967ರಿಂದ ಆ ಮಾಲಿಕೆಯನ್ನು ಮುಂಬಯಿಯಲ್ಲಿ ಕಟ್ಟಿ ಬೆಳೆಸಿದ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಈ ನಗರಕ್ಕೆ ಬಂದವರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದುದನ್ನು ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಕಂಡು ಅವರು ಕೊರಗಿದ ಸಂಗತಿ ಸುಪ್ರಸಿದ್ಧ. ಅವರು ಮಕ್ಕಳ ಕೈಯಿಂದ ಚಿತ್ರಕಥೆಯನ್ನು ಕಸಿದುಕೊಳ್ಳಲಿಲ್ಲ. ಬೇರೊಂದು ಚಿತ್ರಕಥೆಯನ್ನು ಕೊಟ್ಟರು.

ಪೋಷಕರು ಗಮನಿಸಬೇಕಾದುದು

‘ಇನುಯಾಶಾ’ ಪುಟ್ಟ ಮಕ್ಕಳ ಪುಸ್ತಕವಲ್ಲ. ರಕ್ತಪಾತದ ಚಿತ್ರಗಳು, ಸಾವು, ಕೆಲವೆಡೆ ನಗ್ನತೆ ಇರುವುದರಿಂದ ಹದಿನಾರು ವರ್ಷದ ಆಸುಪಾಸಿನವರಿಗೆ ಅದು ಒಪ್ಪುವಂಥದು. ಕಿರಿಯರ ಕೈಗೆ ಕೊಡುವ ಮುನ್ನ ಹಿರಿಯರು ಒಂದೆರಡು ಸಂಪುಟ ತಿರುವಿ ನೋಡುವುದು ಒಳ್ಳೆಯದು. ಹಾಗೆ ನೋಡಿದ ಮೇಲೆ, ಬೈಯುವ ಬದಲು ಒಂದು ಪ್ರಶ್ನೆ ಕೇಳಬಹುದು: “ಯಾಶಾ ಎಂದರೆ ಯಾರು ಗೊತ್ತೇ?” ಅಲ್ಲಿಂದ ಯಕ್ಷಗಾನದ ಮೊದಲ ಎರಡು ಅಕ್ಷರಗಳಿಗೆ ಬರಲು ಹೆಚ್ಚು ಹೊತ್ತು ಬೇಕಾಗದು. ಘಟೋತ್ಕಚನ ಕಥೆಯನ್ನು ಕೃಷ್ಣನ ನಗುವಿನವರೆಗೂ ಹೇಳಿ, ಅದು ನ್ಯಾಯವೇ ಎಂದು ಮಕ್ಕಳನ್ನೇ ಕೇಳಬೇಕು. ಮಾಂಗಾ ಓದಿದ ಮಗುವಿಗೆ ಈ ವಿಷಯದಲ್ಲಿ ತನ್ನದೇ ಆದ ಅಭಿಪ್ರಾಯವಿದ್ದೇ ಇರುತ್ತದೆ.

ಮುಂದಿನ ಮಳೆಗಾಲದಲ್ಲಿ ಮಾಟುಂಗದಲ್ಲೋ ಮಾಹಿಮ್‌ನಲ್ಲೋ ಕುರ್ಲಾದಲ್ಲೋ ಹಿಡಿಂಬೆಯ ಅಥವಾ ಶೂರ್ಪನಖಿಯ ಪ್ರಸಂಗ ನಡೆದರೆ ಅಂಥ ಮಗುವನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ. ಭಾಗವತರ ಪದ್ಯ ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ. ತೆರೆಯ ಹಿಂದಿನಿಂದ ಎದ್ದು ಬರುತ್ತಿರುವುದು ಯಾರೆಂದು ಅದಕ್ಕೆ ಆಗಲೇ ಗೊತ್ತಿರುತ್ತದೆ. ಉಳಿದ ಮಾತನ್ನು ಪಕ್ಕದಲ್ಲಿ ಕುಳಿತ ಹಿರಿಯರು ಕನ್ನಡದಲ್ಲಿ ಹೇಳಿಕೊಟ್ಟರಾಯಿತು.